ರಾಣಿ ತಿಂದ ಕುಡಿಕೆ

"ಬಸುರಂತೆ ಬಸುರು! ಆ ಹುಡುಗಿ ಹೊಟ್ಟೇಲಿರೋದು ಮಣ್ಣು ಕಣ್ರೀ, ಬರೀ ಮಣ್ಣು!"

"ಬಾಯಿ ಮುಚ್ಚೆ, ಜೆನೆಬ್ರಾ! ಆಚೆ ಕೋಣೇಲಿ ಆರು ಜನ ಕೂತಿದಾರೆ."

"ಕೂತಿರ್ಲಿ. ಕಿವಿ ಇದ್ರೆ ಕೇಳಿಸ್ಕೊಳ್ಳಲಿ. ಗಂಟೆ ಹೊಡಿಸ್ತಾರಂತೆ, ಊರಿಗೆಲ್ಲ ಸಾರ್ತಾರಂತೆ! ಆರು ತಿಂಗಳಾದ್ಮೇಲೆ ತೊಟ್ಟಿಲಲ್ಲಿ ಏನ್ ಮಲಗಿಸ್ತೀರಿ? ಹೂಜಿನಾ?"

"ನಿಂಗೆ ಹೊಟ್ಟೆಕಿಚ್ಚು. ಕೂಸು ಹುಟ್ಟಿದ್ರೆ ಬುರ್ಗೋಸ್ ಕಡೆಯಿಂದ ಗಟ್ಟಿಮುಟ್ಟಾದ ಹೆಂಗಸು ಬರ್ತಾಳೆ ಹಾಲೂಡಿಸೋಕೆ, ಈ ಪೋರ್ಚುಗೀಸ್ ಮುದುಕೀನ ಆಮೇಲೆ ಯಾರೂ ಮೂಸಲ್ಲ ಅಂತ."

"ನನ್ನೆದೆ ಬತ್ತಿ ಹದಿನೈದು ವರ್ಷ ಆಯ್ತು ದೊಡ್ಡಮ್ಮಾವ್ರೇ. ನಿಮ್ಮ ತಲೆ ಯಾವಾಗ ಬತ್ತಿದ್ದು?"

ಮಡಚುತ್ತಿದ್ದ ಒಳಂಗಿಯನ್ನು ಜೆನೆಬ್ರಾ ಪೆಟ್ಟಿಗೆಗೆ ರಪ್ಪನೆ ಎಸೆದಳು. ರಾಣಿಯ ಬಟ್ಟೆಬರೆ ಇಡುವ ಈ ಕೋಣೆಯಲ್ಲಿ ಅವಳೂ ಡೋನ್ಯಾ ಮೆನ್ಸಿಯಾಳೂ ಎರಡು ವರ್ಷದಿಂದ ಜಗಳವಾಡುತ್ತಲೇ ಇದ್ದರು. ಗೋಡೆ ದಪ್ಪಗಿದ್ದುದರಿಂದ, ಮದ್ರೀದಿನ ಅರಮನೆಯಲ್ಲಿ ಇಬ್ಬರು ಹೆಂಗಸರು ಮನಸಾರೆ ಕೂಗಾಡಬಹುದಾದ ಜಾಗ ಅದೊಂದೇ ಇತ್ತು. ಡೋನ್ಯಾ ಮೆನ್ಸಿಯಾ ರಾಣಿವಾಸದ ಯಜಮಾನಿ. ವಿಧವೆ, ತಲೆಯಿಂದ ಕಾಲಿನವರೆಗೂ ಕಪ್ಪು ಬಟ್ಟೆ. ಆಕೆಯ ಅಪ್ಪಣೆಯಿಲ್ಲದೆ ರಾಣಿಯ ಬಾಗಿಲಲ್ಲಿ ನೊಣವೂ ಹಾರುವಂತಿರಲಿಲ್ಲ. ಜೆನೆಬ್ರಾ ರಾಣಿಗೆ ಹಾಲೂಡಿಸಿದವಳು. ಎಸ್ತ್ರೆಮೋಸ್ ಎಂಬ ಊರಿನ ಕುಂಬಾರರ ಮಗಳು. ಹದಿನೈದು ವರ್ಷದ ರಾಜಕುಮಾರಿ ವಿಯೊಲಾಂತೆಯನ್ನು ಗಡಿಯ ಹೊಳೆ ದಾಟಿಸಿ ಇಲ್ಲಿನ ದೊರೆಗೆ ಮದುವೆ ಮಾಡಿ ಕೊಟ್ಟಾಗ ಜೊತೆಗೆ ಬಂದ ಪೋರ್ಚುಗೀಸರನ್ನೆಲ್ಲ ವಾಪಸು ಕಳಿಸಿದ್ದರು. ಹುಡುಗಿ ಎರಡು ದಿನ ಊಟ ಬಿಟ್ಟು ಹಟ ಹಿಡಿದು ಉಳಿಸಿಕೊಂಡದ್ದು ಇವಳೊಬ್ಬಳನ್ನೇ.

ಈಗ ಹುಡುಗಿಗೆ ಹದಿನೇಳು. ಮೂರು ತಿಂಗಳಿಂದ ಮುಟ್ಟು ನಿಂತಿತ್ತು. ಬೆಳಗಾದರೆ ವಾಕರಿಕೆ. ಹೊಟ್ಟೆ ಬಿಗಿದುಕೊಂಡಿತ್ತು. ಅರಮನೆಯ ವೈದ್ಯ ಬೆರ್ರುಯೆಲೊ ಗಾಜಿನ ಬುರುಡೆಯಲ್ಲಿ ಮೂತ್ರ ಹಿಡಿದು ಕಿಟಕಿಯ ಬೆಳಕಿಗೆ ಎರಡು ಸಲ ತಿರುಗಿಸಿ ನೋಡಿ, ಗಂಡೇ ಎಂದು ಹೇಳಿಬಿಟ್ಟಿದ್ದ. ಡಿಸೆಂಬರ್ ಹದಿನೆಂಟಕ್ಕೆ ಓ ಮಾತೆಯ ಹಬ್ಬ. ತುಂಬು ಬಸುರಿನ ಮರಿಯಮ್ಮನ ಹಬ್ಬ ಅದು, ಊರಿನ ಬಸುರಿಯರೆಲ್ಲ ದೀಪ ಹಚ್ಚುವ ದಿನ. ಅವತ್ತೇ ಊರಿಗೆ ಸಾರುವುದೆಂದು ದೊರೆ ನಿಶ್ಚಯ ಮಾಡಿಯಾಗಿತ್ತು.

"ವೈದ್ಯರು ಓದಿದವರು," ಎಂದಳು ಮೆನ್ಸಿಯಾ. "ನೀನೇನು ಓದಿದೀಯ?"

"ನಾನು ಕುಂಬಾರರ ಕೇರೀಲಿ ಹುಟ್ಟಿದೋಳು. ಮಣ್ಣು ತಿನ್ನೋ ಹುಡುಗೀರನ್ನ ಕಂಡಿದೀನಿ. ಉಗುರು ಹಸಿರಾಗ್ತದೆ, ಎರಡು ಮೆಟ್ಟಿಲು ಹತ್ತಿದ್ರೆ ಏದುಸಿರು ಬರ್ತದೆ, ತಿಂಗಳು ನಿಲ್ತದೆ, ಹೊಟ್ಟೆ ಕಟ್ಟಿಕೊಳ್ತದೆ. ಬಸುರಿ ಅಂತ್ಲೇ ಕಾಣ್ತದೆ. ನನ್ ತಂಗಿ ಫೆಲಿಪಾನ ಯಾರಿಗೆ ಬಸುರಾದೆ ಅಂತ ನಮ್ಮಪ್ಪ ಹೊಡೆದೂ ಹೊಡೆದೂ ಸಾಕಾದ. ಏಳನೇ ತಿಂಗಳಿಗೆ ಸತ್ತೋದ್ಲು. ಹೊಟ್ಟೇಲಿ ಏನೂ ಇರಲಿಲ್ಲ."

ಮೆನ್ಸಿಯಾ ತನಗೇ ಗೊತ್ತಾಗದ ಹಾಗೆ ಅಂಗಿಯ ತೋಳಿನೊಳಗಿನ ಚೀಲಕ್ಕೆ ಕೈ ಹಾಕಿ ಕೆಂಪು ಚೂರೊಂದನ್ನು ತೆಗೆದು ಬಾಯಿಗಿಟ್ಟುಕೊಂಡಳು. ಕಟಕಟ ಎಂದಿತು.

"ನೋಡಿ, ನೋಡಿ! ನೀವೂ ಮೇಯ್ತಾ ಇದೀರಿ!"

"ನಂಗೆ ಐವತ್ತೆಂಟು ಕಣೆ. ನನ್ನನ್ನ ಯಾರೂ ಬಸುರಿ ಅನ್ನಲ್ಲ."

ಅರಮನೆಯಲ್ಲಿ ಮೇಯದವರು ಯಾರಿದ್ದರು? ಎಸ್ತ್ರೆಮೋಸಿನ ಕುಡಿಕೆ ಎಂದರೆ ಅಷ್ಟು ಹುಚ್ಚು. ತೆಳ್ಳಗಿನ, ಕೆಂಪಗಿನ ಮಣ್ಣಿನ ಬಟ್ಟಲು. ನೀರು ತುಂಬಿ ಇಟ್ಟರೆ ಮೊದಲ ಮಳೆ ಬಿದ್ದ ನೆಲದ ಹಾಗೆ ಕೋಣೆಯೆಲ್ಲ ಗಮಗುಡುತ್ತದೆ. ಹೆಂಗಸರು ನೀರು ಕುಡಿದು ಸುಮ್ಮನಿರುತ್ತಿರಲಿಲ್ಲ, ಅಂಚು ಮುರಿದು ಅಗಿಯುತ್ತಿದ್ದರು. ಮುಖ ಬಿಳಿಚಿಕೊಳ್ಳುತ್ತದೆ, ಬಿಳಿಚಿಕೊಂಡರೆ ಚೆಂದ ಎನ್ನುತ್ತಿದ್ದರು. ಪಾಪ ಒಪ್ಪಿಸಲು ಹೋದ ಹೆಂಗಸರಿಗೆ ಪಾದ್ರಿಗಳು ಪ್ರಾರ್ಥನೆಯ ಬದಲು ಒಂದು ದಿನ ಮಣ್ಣು ಬಿಡು ಎಂದು ಶಿಕ್ಷೆ ಕೊಡುತ್ತಿದ್ದರು. ಹತ್ತು ಸಲ ಪ್ರಾರ್ಥನೆ ಹೇಳುತ್ತೇವೆ, ಇದೊಂದು ಬೇಡ ಎಂದು ಅವರು ಅಳುತ್ತಿದ್ದರು.

ಜೆನೆಬ್ರಾಳ ಅಣ್ಣ ಲೋಪೊ ವರ್ಷಕ್ಕೆ ಎರಡು ಸಲ ಹೇಸರಗತ್ತೆಯ ಮೇಲೆ ಕುಡಿಕೆಗಳ ಪೆಟ್ಟಿಗೆ ಕಳಿಸುತ್ತಿದ್ದ. ರಾಣಿಯ ಆಮಾಗೆ ಎಂದು ಪೆಟ್ಟಿಗೆಯ ಮೇಲೆ ಬರೆದಿದ್ದರೆ ಸಾಕು, ಸುಂಕದ ಕಟ್ಟೆಯವರು ಬಿಚ್ಚಿಯೂ ನೋಡುತ್ತಿರಲಿಲ್ಲ. ಹಾಲೂಡಿಸಿದವಳನ್ನು ಅವರ ಕಡೆ ಆಮಾ ಎನ್ನುತ್ತಾರೆ.

"ಶುರು ಮಾಡಿದ್ದೇ ನಾನು," ಎಂದಳು ಜೆನೆಬ್ರಾ. ಈಗ ದನಿ ತಗ್ಗಿತ್ತು. "ಹೊಳೆ ದಾಟೋವಾಗ ಅಳ್ತಿತ್ತು ಕೂಸು. ಕುಡಿಕೆ ಅಂಚು ಮುರಿದು ನಾನೇ ಬಾಯಿಗೆ ಹಾಕ್ದೆ. ನಮ್ಮೂರ ಮಣ್ಣು ಬಾಯಲ್ಲಿದ್ರೆ ಊರು ದೂರ ಆಗಲ್ಲ ಅಂತ. ನನ್ ಕೈ ಸೇದಿಹೋಗ."

ಗಂಟೆ ಹೊಡೆಸಿ ಆಮೇಲೆ ಇಲ್ಲ ಎಂದರೆ ಏನಾಗುತ್ತದೆಂದು ಮೆನ್ಸಿಯಾಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಬೀದಿಯಲ್ಲಿ ಪೋಕರಿಗಳು ಪದ ಕಟ್ಟಿ ಹಾಡುತ್ತಾರೆ. ಪರದೇಶದ ರಾಯಭಾರಿಗಳು ತಮ್ಮ ದೊರೆಗಳಿಗೆ ಓಲೆ ಬರೆಯುತ್ತಾರೆ. ಈ ಬಂಜೆಯನ್ನು ಮಠಕ್ಕೆ ಸೇರಿಸಿ ಬೇರೆಯವಳನ್ನು ತನ್ನಿ ಎಂದು ದೊರೆಯ ಕಿವಿಯಲ್ಲಿ ಊದುವವರು ಅರಮನೆಯಲ್ಲೇ ನಾಲ್ಕು ಜನ ಇದ್ದರು.

"ಇವತ್ತು ಸಂತ ಆಂದ್ರೇಸನ ದಿನ," ಎಂದಳು ಆಕೆ. "ಹಬ್ಬಕ್ಕೆ ಹದಿನೆಂಟು ದಿನ ಇದೆ. ಅಷ್ಟರಲ್ಲಿ ಮುಟ್ಟು ಬಂದ್ರೆ ಗಂಟೆ ನಿಲ್ಲಿಸೋದು ನನ್ನ ಜವಾಬ್ದಾರಿ. ಬರಲಿಲ್ಲ ಅಂದ್ರೆ ನಾನು ನಿನ್ನ ಮಾತು ಕೇಳಿಯೇ ಇಲ್ಲ. ಏನ್ ಮಾಡ್ತೀಯ?"

"ಮಣ್ಣು ಬಿಡಿಸ್ತೀನಿ. ಉಕ್ಕಿನ ನೀರು ಕುಡಿಸ್ತೀನಿ. ನಡೆಸ್ತೀನಿ."

ಮೆನ್ಸಿಯಾಳ ಅಗಿತ ನಿಂತಿತು. ಉಕ್ಕನ್ನು ಕೆಂಪಗೆ ಕಾಯಿಸಿ ಅದ್ದಿದ ನೀರು, ಮೇಲೆ ಬೆವರು ಬರುವಷ್ಟು ನಡಿಗೆ. ರಕ್ತ ಕಟ್ಟಿದ ಹೆಂಗಸರಿಗೆ ಕೊಡುವ ಮದ್ದು ಅದು. ಬಸುರಿಗೆ ಕೊಟ್ಟರೆ ಬಸುರು ಇಳಿಯುತ್ತದೆಂದು ಹೆದರುತ್ತಾರೆ.

"ಜೆನೆಬ್ರಾ, ನಿಜವಾಗ್ಲೂ ಕೂಸಿದ್ದರೆ?"

"ನಂಗೆ ನೇಣು. ಗೊತ್ತು. ಹದಿನೇಳು ವರ್ಷದಿಂದ ಆ ಮೈಗೆ ನೀರು ಹಾಕ್ತಿದೀನಿ. ಎದೆ ನೋಡಿದೀನಿ. ಬಸುರಿ ಎದೆ ಅಲ್ಲ ಅದು."

ರಾಣಿಗೆ ಹೇಳುವುದೇ ಕಷ್ಟವಾಗಿತ್ತು. ವಿಯೊಲಾಂತೆ ಜಗಲಿಯ ಮೇಲೆ ದಿಂಬುಗಳ ನಡುವೆ ಚಕ್ಕಂಬಕ್ಕಳ ಹಾಕಿ ಕೂತು ಮಗುವಿನ ಟೊಪ್ಪಿಗೆಗೆ ದಾರ ಎಳೆಯುತ್ತಿದ್ದಳು. ಕಸೂತಿ ಅವಳಿಗೆ ಬರುತ್ತಲೇ ಇರಲಿಲ್ಲ. ಟೊಪ್ಪಿಗೆ ಕಾಲುಚೀಲದ ಹಾಗಿತ್ತು.

"ಆಮಾ, ಬೆಳಿಗ್ಗೆ ದೊರೆ ಬಂದಿದ್ರು ಗೊತ್ತಾ? ಕುರ್ಚಿ ಬೇಡ ಅಂದ್ರು. ಇಲ್ಲೇ, ನನ್ನ ಪಕ್ಕದಲ್ಲೇ, ನೆಲದ ಮೇಲೆ ಕೂತ್ರು. ಏಳೋವಾಗ ಮಂಡಿ ಹಿಡ್ಕೊಂಡು ಬಿಡ್ತು. ನಾನು ನಕ್ಕೆ, ಅವರೂ ನಕ್ಕರು. ಎರಡು ವರ್ಷದಲ್ಲಿ ಮೊದಲನೇ ಸಲ ನಕ್ಕಿದ್ದು."

ಜೆನೆಬ್ರಾ ಅವಳ ಎದುರು ಕೂತು, ಕೈ ಹಿಡಿದು, ಉಗುರುಗಳನ್ನು ಬೆಳಕಿಗೆ ತಿರುಗಿಸಿದಳು. ಸುತ್ತಿ ಬಳಸಿ ಮಾತಾಡುವುದು ಅವಳ ಹುಟ್ಟುಗುಣದಲ್ಲೇ ಇರಲಿಲ್ಲ. ಹೇಳಿದಳು. ಫೆಲಿಪಾಳ ವಿಷಯವನ್ನೂ ಹೇಳಿದಳು.

ಹುಡುಗಿ ಕೈ ಕಿತ್ತುಕೊಂಡಳು. "ಸುಳ್ಳು! ನಿಂಗೆ ಡೋನ್ಯಾ ಮೆನ್ಸಿಯಾ ಹೇಳಿಕೊಟ್ಟಿದಾರೆ!"

"ಆಯಮ್ಮ ಹೇಳಿಕೊಟ್ಟಿದ್ದನ್ನ ನಾನು ಯಾವತ್ತು ಕೇಳಿದೀನಿ ಮಗಾ?"

ಅದು ನಿಜವಾಗಿತ್ತು. ವಿಯೊಲಾಂತೆ ಟೊಪ್ಪಿಗೆಯನ್ನು ಮುದ್ದೆ ಮಾಡಿ ಮಡಿಲಲ್ಲಿ ಒತ್ತಿ ಹಿಡಿದಳು. "ಮಗು ಇಲ್ದಿದ್ರೆ ಅವರು ಮತ್ತೆ ಬಂದು ಕೂರ್ತಾರಾ?" ಎಂದಳು.

"ಬದುಕಿದ್ರೆ ಕೂರೋಕೆ ಬರ್ತಾರೆ. ಸತ್ರೆ ಎತ್ತೋಕೆ ಬರ್ತಾರೆ."

"ನಿನ್ನ ನಾಲಿಗೆ ಸುಡ. ಎಷ್ಟು ದಿನ ಬಿಡ್ಬೇಕು ಮಣ್ಣು?"

"ಹದಿನೆಂಟು."

ಮಾರನೆಯ ಬೆಳಿಗ್ಗೆ ಓ ಮಾತೆಗೆ ರಾಣಿ ಹರಕೆ ಹೊತ್ತಿದ್ದಾರೆ, ತೋಟದ ತುದಿಯ ಗುಡಿಗೆ ದಿನಾ ಕಾಲ್ನಡಿಗೆಯಲ್ಲೇ ಹೋಗುತ್ತಾರೆ ಎಂದು ಮೆನ್ಸಿಯಾ ಎಲ್ಲರಿಗೂ ತಿಳಿಸಿದಳು. ವೈದ್ಯ ಬೆರ್ರುಯೆಲೊ ಗಾಬರಿಯಾಗಿ ಓಡಿ ಬಂದ.

"ಬಸುರಿಯರು ನಡೀಬಾರದು! ಅದರಲ್ಲೂ ಈ ಚಳೀಲಿ!"

"ಹರಕೆಗೆ ಅಡ್ಡ ಬರ್ತೀರಾ ವೈದ್ಯರೇ?" ಎಂದಳು ಮೆನ್ಸಿಯಾ. "ಬನ್ನಿ, ಈ ಮಾತನ್ನ ದೊಡ್ಡ ಪಾದ್ರಿಗಳ ಮುಂದೆ ಹೇಳಿ. ನಾನೇ ಕರ್ಕೊಂಡು ಹೋಗ್ತೀನಿ."

ವೈದ್ಯನ ಅಜ್ಜ ಯಹೂದಿಯೆಂದು ಯಾರೋ ಹಿಂದೊಮ್ಮೆ ಪಿಸುಗುಟ್ಟಿದ್ದರು. ಅಂಥವರನ್ನು ವಿಚಾರಣೆಗೆಳೆದು ಸುಡಿಸಬಲ್ಲ ದೊಡ್ಡ ಪಾದ್ರಿಗಳ ಹೆಸರೆತ್ತಿದರೆ ಅವನಿಗೆ ಜ್ವರ ಬರುತ್ತಿತ್ತು. ಬಂದ ಹಾಗೆಯೇ ಹೊರಟುಹೋದ. ಜೆನೆಬ್ರಾಗೆ ಒಳಗೊಳಗೇ ಕೆಡುಕೆನಿಸಿತು, ಆದರೆ ಮರುಗುತ್ತಾ ಕೂರಲು ಪುರಸೊತ್ತಿರಲಿಲ್ಲ.

ದಿನಾ ಬೆಳಕು ಹರಿಯುವ ಹೊತ್ತಿಗೆ ಅವಳು ಅಡುಗೆಮನೆಯ ಕೆಂಡದಲ್ಲಿ ಉಕ್ಕಿನ ತುಂಡು ಕಾಯಿಸಿ ಚರ್ರೆಂದು ನೀರಿಗೆ ಅದ್ದುತ್ತಿದ್ದಳು. ಗಾಜಿನ ಲೋಟದಲ್ಲಿ ಕೊಡುತ್ತಿದ್ದಳು, ಮಣ್ಣಿನದರಲ್ಲಿ ಅಲ್ಲ. ರಾಣಿ ಮುಖ ಕಿವಿಚಿಕೊಂಡು ಕುಡಿಯುತ್ತಿದ್ದಳು. ಆಮೇಲೆ ಬೆಂಡಿನ ಅಟ್ಟೆಯ ಎತ್ತರದ ಮೆಟ್ಟು ಬಿಚ್ಚಿಸಿ, ಚಪ್ಪಟೆ ಜೋಡು ಹಾಕಿಸಿ, ಹಿಮ ಬಿದ್ದ ತೋಟದಲ್ಲಿ ನಡೆಸುತ್ತಿದ್ದಳು. ಎತ್ತರದ ಮೆಟ್ಟು ಇಳಿದರೆ ಸ್ಪೇನಿನ ರಾಣಿ ಜೆನೆಬ್ರಾಳ ಭುಜದವರೆಗೆ ಮಾತ್ರ ಬರುತ್ತಿದ್ದಳು.

"ಆಮಾ, ಕುದುರೆಗೂ ಇಷ್ಟು ನಡೆಸಲ್ಲ."

"ಕುದುರೆ ಮಣ್ಣು ತಿನ್ನಲ್ಲ. ನಡಿ."

"ನಾನು ರಾಣಿ. ನಿಲ್ಲು ಅಂತ ಅಪ್ಪಣೆ ಕೊಡ್ತೀನಿ."

"ಕೊಡು. ನನ್ ಕಿವಿ ಮಂದ ಆಗಿದೆ."

ಹುಡುಗಿ ನಗುತ್ತಿದ್ದಳು, ಏದುಸಿರು ಬಿಡುತ್ತಿದ್ದಳು, ಜೆನೆಬ್ರಾಳ ಲಂಗ ಹಿಡಿದು ಎಳೆಸಿಕೊಳ್ಳುತ್ತಿದ್ದಳು. ಆದರೆ ಚಟ ಸುಮ್ಮನೆ ಬಿಡುತ್ತದೆಯೇ? ನಾಲ್ಕನೆಯ ದಿನ ಕಿತ್ತಳೆ ಗಿಡದ ಕುಂಡದ ಅಂಚು ನೆಕ್ಕುತ್ತಾ ಸಿಕ್ಕಿಬಿದ್ದಳು. ಐದನೆಯ ದಿನ ಸಖಿಯೊಬ್ಬಳ ತೋಳಿನ ಚೀಲಕ್ಕೇ ಕೈ ಹಾಕಿದ್ದಳು. ಜೆನೆಬ್ರಾ ಎಲ್ಲ ಹೆಂಗಸರ ತೋಳು ತಡಕಿಸಿ ಒಂದು ಬುಟ್ಟಿ ಚೂರು ಕಲೆಹಾಕಿದಳು. ಕಣ್ಣೀರು, ಶಾಪ, ಪೋರ್ಚುಗೀಸ್ ರಾಕ್ಷಸಿ ಎಂಬ ಬೈಗುಳ. ಮೆನ್ಸಿಯಾ ತನ್ನ ಚೀಲವನ್ನು ತಾನಾಗಿ ಬುಟ್ಟಿಗೆ ಸುರಿದು, ಯಾರ ಮುಖವನ್ನೂ ನೋಡದೆ ಹೊರಟುಹೋದಳು. ಆಮೇಲೆ ಮೂರು ದಿನ ಆಕೆಯ ಬಾಯಿಗೆ ಸಿಕ್ಕವರೆಲ್ಲ ಬೈಸಿಕೊಂಡರು.

ಎಂಟನೆಯ ದಿನ ರಾಣಿ ನಡುವೆ ನಿಲ್ಲದೆ ಗುಡಿಯವರೆಗೆ ನಡೆದಳು. ಹನ್ನೆರಡನೆಯ ದಿನ ಮಾಂಸದ ಸಾರನ್ನು ಎರಡು ಸಲ ಕೇಳಿ ಬಡಿಸಿಕೊಂಡಳು. ತುಟಿಗೆ ಬಣ್ಣ ಬಂದಿತ್ತು. ಸಖಿಯರು ಅಯ್ಯೋ, ರೈತರ ಹುಡುಗಿಯ ಹಾಗೆ ಕೆಂಪಗಾಗುತ್ತಿದ್ದಾರೆ ಎಂದು ಮರುಗಿದರು. ಅದನ್ನು ಕೇಳಿದಾಗ ಜೆನೆಬ್ರಾಗೆ ಆದ ಸಂತೋಷ ಅಷ್ಟಿಷ್ಟಲ್ಲ. ಆದರೂ ಹದಿಮೂರು, ಹದಿನಾಲ್ಕು ಕಳೆಯಿತು, ಒಳಂಗಿ ಬೆಳ್ಳಗೇ ಇತ್ತು. ಅವಳು ತನ್ನ ಕತ್ತನ್ನು ಆಗಾಗ ಮುಟ್ಟಿಕೊಳ್ಳುತ್ತಿದ್ದಳು.

ಹದಿನಾರನೆಯ ದಿನ ಬೆಳಿಗ್ಗೆ ತೋಟಕ್ಕೆ ಹೊರಡಲು ಎಬ್ಬಿಸಿದಾಗ ವಿಯೊಲಾಂತೆ ಹಾಸಿಗೆಯಿಂದ ಏಳಲಿಲ್ಲ. ಮುಖ ಗೋಡೆಯ ಕಡೆಗಿತ್ತು. "ಬಂತು," ಎಂದಳು. ಅಷ್ಟೇ.

ಜೆನೆಬ್ರಾ ಹೊದಿಕೆ ಸರಿಸಿ ನೋಡಿದಳು. ಮುಟ್ಟೇ. ಹಳೆಯ ಮುಟ್ಟು, ಕಪ್ಪಗೆ, ಗಟ್ಟಿಯಾಗಿ. ಬದುಕಿತು ಕೂಸು ಎಂದು ಅವಳ ಮನಸ್ಸು ಕುಣಿಯಿತು. ಆ ಪುಟ್ಟ ಬೆನ್ನು ಬಿಕ್ಕುವುದನ್ನು ಕಂಡು ಅದೇ ಮನಸ್ಸು ಮುದುಡಿತು. ಹಾಸಿಗೆಯ ಮೇಲೆ ಹತ್ತಿ, ಹಿಂದಿನಿಂದ ತಬ್ಬಿ ಮಲಗಿದಳು. ಅರಮನೆಯಲ್ಲಿ ಹಾಗೆ ಮಾಡುವಂತಿಲ್ಲ. ಮೆನ್ಸಿಯಾ ಬಾಗಿಲಲ್ಲಿ ನಿಂತು ನೋಡಿ, ಬಾಗಿಲು ಎಳೆದುಕೊಂಡು ಹೋದಳು.

ಗಂಟೆ ಹೊಡೆಯಲಿಲ್ಲ. ವೈದ್ಯರ ಲೆಕ್ಕ ತಪ್ಪಿತ್ತೆಂದು ಮೆನ್ಸಿಯಾ ದೊರೆಗೆ ತಾನೇ ಹೋಗಿ ಹೇಳಿದಳು. ಅರಮನೆಯಲ್ಲಿ ಹುಟ್ಟಿದ ಪ್ರತಿ ಮಗುವಿನ ವಿಷಯದಲ್ಲೂ ವೈದ್ಯನ ಲೆಕ್ಕ ತಪ್ಪಿದ್ದರಿಂದ ಯಾರಿಗೂ ಆಶ್ಚರ್ಯವಾಗಲಿಲ್ಲ. ದೊರೆ ಬಂದು, ಕುರ್ಚಿಯ ಮೇಲೆ ಸ್ವಲ್ಪ ಹೊತ್ತು ಕೂತು, ಆರೋಗ್ಯ ವಿಚಾರಿಸಿ, ಬೇಟೆಗೆ ಹೋದ.

ಹಬ್ಬ ಬಂತು, ಹೋಯಿತು. ಹಬ್ಬದ ಮಾರನೆಯ ಮಧ್ಯಾಹ್ನ, ಊಟವಾಗಿ ಎಲ್ಲರೂ ಮಲಗಿದ್ದಾಗ, ವಿಯೊಲಾಂತೆ ಜೆನೆಬ್ರಾಳ ಕೋಣೆಗೇ ಬರಿಗಾಲಲ್ಲಿ ಬಂದಳು. ಬಂದವಳು ಅವಳ ತೊಡೆಯ ಮೇಲೆ ತಲೆ ಇಟ್ಟಳು.

"ಆಮಾ. ಒಂದೇ ಒಂದು ಚೂರು."

"ಇಲ್ಲ."

"ಉಗುರಿನಷ್ಟು. ಊರಿನ ವಾಸನೆ ಬಂದ್ರೆ ಸಾಕು. ಅಗಿಯಲ್ಲ, ಬಾಯಲ್ಲಿಟ್ಕೊಳ್ತೀನಿ ಅಷ್ಟೇ."

"ಇಲ್ಲ ಅಂದ್ನಲ್ಲ."

"ಅವರು ಕುರ್ಚಿ ಮೇಲೆ ಕೂತ್ರು ಆಮಾ."

ಲೋಪೊ ಕಳಿಸಿದ್ದ ಕೊನೆಯ ಪೆಟ್ಟಿಗೆ ಜೆನೆಬ್ರಾಳ ಮಂಚದ ಕೆಳಗೇ ಇತ್ತು. ಒಡೆದು ಹಾಕುತ್ತೇನೆಂದು ಮೆನ್ಸಿಯಾಗೆ ಮಾತು ಕೊಟ್ಟಿದ್ದಳು. ಅಣ್ಣನ ಕೈ ಬೆರಳಿನ ಗುರುತು ಇರುವ ಕುಡಿಕೆಗಳನ್ನು ಒಡೆಯಲು ಮನಸ್ಸು ಬಂದಿರಲಿಲ್ಲ. ಹುಡುಗಿಯ ಕೂದಲು ನೇವರಿಸುತ್ತಿದ್ದ ಕೈ ನಿಂತಿತು. ಕೆಳಗೆ ಹೋಯಿತು. ಟಪ್ಪೆಂದು ಅಂಚು ಮುರಿದದ್ದು ಅವಳ ಕಿವಿಗೇ ಕೇಳಿಸಿತು. ಚೂರು ಹುಡುಗಿಯ ತುಟಿಯ ಮೇಲಿತ್ತು.

ವಿಯೊಲಾಂತೆ ಕಣ್ಣು ಮುಚ್ಚಿ ಅಗಿದಳು. "ನೀನು ಕೊಡ್ತೀಯ ಅಂತ ಗೊತ್ತಿತ್ತು," ಎಂದಳು. "ಬೇರೆ ಯಾರು ಕೊಡ್ದಿದ್ರೂ ನೀನು ಕೊಡ್ತೀಯ."

ಪ್ರೀತಿಯಿಂದಲೇ ಹೇಳಿದ ಮಾತು. ಜೆನೆಬ್ರಾ ಬುಟ್ಟಿ ತುಂಬ ಚೂರು ಹುಡುಕಿ ತೆಗೆದು ಬಿಸಾಡಿದ್ದಳಲ್ಲ, ಇದೊಂದು ಕೈಯನ್ನು ಎಲ್ಲಿ ಬಿಸಾಡಲಿ ಎಂದುಕೊಂಡಳು. ಇವತ್ತು ಉಗುರಿನಷ್ಟು, ನಾಳೆ ಬಟ್ಟಲು. ಅವಳಿಗೆ ತನ್ನ ಕೈ ಚೆನ್ನಾಗಿ ಗೊತ್ತಿತ್ತು.

ಹುಡುಗಿ ಅಲ್ಲೇ ನಿದ್ದೆ ಹೋದಳು. ಜೆನೆಬ್ರಾ ಮೆಲ್ಲಗೆ ತಲೆಯನ್ನು ದಿಂಬಿನ ಮೇಲಿಟ್ಟು, ಮೆನ್ಸಿಯಾಳನ್ನು ಹುಡುಕಿಕೊಂಡು ಬಟ್ಟೆಯ ಕೋಣೆಗೆ ಹೋದಳು.

"ನಾನು ಊರಿಗೆ ಹೋಗ್ತೀನಿ. ಇವತ್ತೇ."

"ಯಾಕೆ? ಯಾರ ಜೊತೆ ಜಗಳ?"

"ನನ್ ಜೊತೇನೇ. ಕೊಟ್ಟುಬಿಟ್ಟೆ ಅಮ್ಮಾವ್ರೇ. ಕೇಳಿದ್ಲು, ಕೊಟ್ಟುಬಿಟ್ಟೆ. ಇನ್ನೂ ಕೊಡ್ತೀನಿ. ಆ ಕೂಸಿಗೆ ಇಲ್ಲ ಅನ್ನೋಕೆ ನಂಗೆ ಬರಲ್ಲ. ನಿಮಗೆ ಬರ್ತದೆ."

ಮೆನ್ಸಿಯಾ ಬೈಯುತ್ತಾಳೆಂದು ಅವಳು ಕಾದಳು. ಮೆನ್ಸಿಯಾ ಪೆಟ್ಟಿಗೆಯ ಮೇಲೆ ಕೂತುಬಿಟ್ಟಳು.

"ಎರಡು ವರ್ಷ ನಿನ್ನನ್ನ ಓಡಿಸಬೇಕು ಅಂತ ಕಾದಿದ್ದೆ. ಈಗ ನೀನೇ ಹೋಗ್ತೀನಿ ಅಂದ್ರೆ... ನನ್ನ ಜೊತೆ ಜಗಳ ಆಡೋರು ಯಾರೇ ಇನ್ಮೇಲೆ? ಉಳಿದೋರೆಲ್ಲ ತಲೆ ಬಗ್ಗಿಸ್ತಾರೆ, ಸಾಕಾಗಿದೆ ನಂಗೆ."

"ಆ ಕೂಸಿಗೇ ಜಗಳ ಕಲಿಸಿ. ಬಾಯಿ ಜೋರಿದೆ, ಬೇಗ ಕಲೀತಾಳೆ." ಜೆನೆಬ್ರಾ ಮೂಗು ಒರೆಸಿಕೊಂಡಳು. "ನಾನು ಇಲ್ಲಿದ್ರೆ ಲೋಪೊ ಪೆಟ್ಟಿಗೆ ಕಳಿಸ್ತಾನೇ ಇರ್ತಾನೆ. ನನ್ ಹೆಸರಿಲ್ಲದೆ ಗಡಿ ದಾಟಲ್ಲ ಅದು. ಉಕ್ಕಿನ ನೀರು ಈಸ್ಟರ್ ತನಕ ಕೊಡಿ. ನಡೆಸಿ. ಅಪ್ಪಣೆ ಕೊಡ್ತಾಳೆ, ಕೇಳಬೇಡಿ. ಮೆಟ್ಟು ಬಿಚ್ಚಿದ್ರೆ ಕಾಲು ತಣ್ಣಗಾಗ್ತದೆ, ಉಜ್ಜಬೇಕು. ನೀವೇ ಉಜ್ಜಿ, ಆ ಸಖೀರ ಕೈ ಮಂಜುಗಡ್ಡೆ."

"ನಾನಾ?"

"ಮತ್ತೆ ಇನ್ಯಾರು?"

"ಅವಳಿಗೆ ಹೇಳಿ ಹೋಗ್ತೀಯಾ?"

ಜೆನೆಬ್ರಾ ಬಾಗಿಲ ಕಡೆ ತಿರುಗಿದಳು. ಮೆನ್ಸಿಯಾ ಎದ್ದು, ತನ್ನ ಉಣ್ಣೆಯ ಮೇಲುಹೊದಿಕೆ ಬಿಚ್ಚಿ ಅವಳ ಹೆಗಲಿಗೆ ಹಾಕಿದಳು. ದಾರಿಯಲ್ಲಿ ಚಳಿ ಎಂದಷ್ಟೇ ಹೇಳಿದಳು.

ಕುಡಿಕೆಗಳ ಪೆಟ್ಟಿಗೆಯನ್ನು ಆಳು ಹೊತ್ತು ಮುಂದೆ ಹೋಗಿದ್ದ. ಜೆನೆಬ್ರಾ ಉದ್ದನೆಯ ಮೊಗಸಾಲೆಯಲ್ಲಿ ಅರ್ಧ ದೂರ ಬಂದಿದ್ದಾಗ ಹಿಂದೆ ಬಾಗಿಲು ತೆರೆಯಿತು.

"ಆಮಾ! ಎಲ್ಲಿಗೆ? ಯಾರ ಹೊದಿಕೆ ಅದು?"

ಅವಳು ನಿಂತಳು. ತಿರುಗಿ ನೋಡಿದರೆ ಮುಗಿಯಿತು ಎಂದು ಗೊತ್ತಿತ್ತು. ಗೋಡೆಯ ಕಡೆಗೇ ಮುಖ ಮಾಡಿ ಹೇಳಿದಳು:

"ಬಾಯಿ ತೊಳ್ಕೋ ಮಗಾ. ಚೆನ್ನಾಗಿ ಮುಕ್ಕಳಿಸು. ಆಮೇಲೆ ಡೋನ್ಯಾ ಮೆನ್ಸಿಯಾ ಹತ್ರ ಹೋಗು, ಕರೀತಿದಾರೆ."

"ಸಂಜೆ ಹೊತ್ತಿಗೆ ಬರ್ತೀಯ ತಾನೆ? ಆಮಾ, ನಿಲ್ಲು! ಅಪ್ಪಣೆ ಇದು!"

ಜೆನೆಬ್ರಾ ನಡೆದಳು. ಹಿಂದಿನಿಂದ ಎರಡನೆಯ ಸಲ ಕೂಗಿದ್ದು ರಾಣಿಯಂತಿರಲಿಲ್ಲ, ಎರಡು ವರ್ಷದ ಕೂಸಿನಂತಿತ್ತು. ಬರಿಗಾಲುಗಳು ಓಡಿ ಬರುವ ಸದ್ದು, ಅದರ ಹಿಂದೆ ಮೆನ್ಸಿಯಾಳ ದೊಡ್ಡ ದನಿ, ಬರಿಗಾಲಲ್ಲಿ ಎಲ್ಲಿಗೆ ಮಹಾರಾಣಿಯವರೇ ಎಂದು, ಆಮೇಲೆ ಇಬ್ಬರೂ ಜೋರಾಗಿ ಕೂಗಾಡುವ ಸದ್ದು. ಹುಡುಗಿ ಸೋಲುತ್ತಿರಲಿಲ್ಲ. ಜೆನೆಬ್ರಾ ಎರಡೂ ಕೈಗಳನ್ನು ಹೊದಿಕೆಯೊಳಗೆ ಬಿಗಿಯಾಗಿ ಸುತ್ತಿಕೊಂಡು ಮೆಟ್ಟಿಲಿಳಿದಳು, ಅಂಗಳ ದಾಟಿದಳು, ಹೆಬ್ಬಾಗಿಲಿನಿಂದ ಹೊರಗೆ ಹೋದಳು.